ಗಂಟು ಕರಗಿಸುವ ಮೊದಲು ಬಯಾಪ್ಸಿ

ಪ್ರಶ್ನೆ: ನಮ್ಮ ಮಾಣಿಗೆ 6 ವರ್ಷ. ವಿಸ್ಕಾಟ್-ಆಲ್ಡ್ರಿಚ್ ಕಾಯಿಲೆ (ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿಯೂ ಪ್ಲೇಟ್‌ಲೆಟ್ಟೂ ಕಡಿಮೆ ಇರುವ ಕಾಯಿಲೆ) ಇದೆ ಎಂದು ಜೀನ್ ಪರೀಕ್ಷೆಯಲ್ಲಿ ಗೊತ್ತಾಗಿದೆ. ಮೂರು ವಾರದಿಂದ ಕುತ್ತಿಗೆಯಲ್ಲಿ ಹಣ್ಣಡಿಕೆಯಷ್ಟು ದೊಡ್ಡ ಗಂಟು, ನೋವಿಲ್ಲ. ಆಂಟಿಬಯೋಟಿಕ್‌ಗೆ ಇಳಿದಿಲ್ಲ. ಸ್ಟಿರಾಯ್ಡ್ ಕೊಟ್ಟು ನೋಡುವುದೋ, ಟಿಬಿ ಔಷಧಿ ಶುರು ಮಾಡುವುದೋ?
— ಒಬ್ಬ ತಾಯಿ, ಶಿರಸಿ ತಾಲೂಕು

ಉತ್ತರ: ಎರಡೂ ಈಗ ಬೇಡ. ಮೊದಲು ಗಂಟಿನ ಬಯಾಪ್ಸಿ (ತುಣುಕು ತೆಗೆದು ಪರೀಕ್ಷೆ) ಆಗಲಿ. ಎಪ್‌ಸ್ಟೈನ್-ಬಾರ್ ವೈರಸ್ ಹೆಚ್ಚಿನವರ ಮೈಯಲ್ಲಿ ತೆಪ್ಪಗೆ ಇರುತ್ತದೆ. ಅದನ್ನು ಹದ್ದುಬಸ್ತಿನಲ್ಲಿಡುವ ಟಿ-ಕಣಗಳು (ಒಂದು ಬಗೆಯ ಬಿಳಿ ರಕ್ತಕಣ) ಈ ಕಾಯಿಲೆಯಲ್ಲಿ ದುರ್ಬಲ. ಹಾಗಾಗಿ ವೈರಸ್ ಹೊಕ್ಕ ಬಿ-ಕಣಗಳು (ಇನ್ನೊಂದು ಬಗೆಯ ಬಿಳಿ ರಕ್ತಕಣ) ಬೆಳೆದು ಲಿಂಫೋಮಾ, ಅಂದರೆ ಈ ಕಣಗಳ ಕ್ಯಾನ್ಸರ್, ಆಗಬಹುದು. ಬೇರೆ ಮಕ್ಕಳಲ್ಲಾದರೆ ಇನ್ನಷ್ಟು ವಾರ ಕಾದು ನೋಡಬಹುದಿತ್ತು, ಇವನಲ್ಲಿ ಕಾಯಬಾರದು.

ಸ್ಟಿರಾಯ್ಡ್ ಕೊಟ್ಟರೆ ಲಿಂಫೋಮಾದ ಗಂಟೂ ಕರಗುತ್ತದೆ. ಮನೆಯವರಿಗೆ ಸಮಾಧಾನ, ಆದರೆ ಆಮೇಲೆ ತೆಗೆದ ತುಣುಕಿನಲ್ಲಿ ರೋಗ ಗುರುತು ಸಿಗದೆ ಹೋಗಬಹುದು. ಸೂಜಿ ಚುಚ್ಚಿ ಎಳೆದ ನಾಲ್ಕು ಕಣ ಸಾಲದು. ಸಾಧ್ಯವಾದರೆ ಗಂಟನ್ನು ಇಡಿಯಾಗಿ ತೆಗೆಯಬೇಕು. ಆಪರೇಷನ್‌ಗೆ ಮುಂಚೆಯೇ ಸರ್ಜನ್‌ಗೆ ಒಂದು ಮಾತು ಹೇಳಿ: ಇಡೀ ಗಂಟನ್ನು ಫಾರ್ಮಲಿನ್ ಡಬ್ಬಿಗೆ ಹಾಕಬೇಡಿ, ಒಂದು ಭಾಗ ಸಲೈನ್‌ನಲ್ಲಿ ಹಸಿಯಾಗಿಯೇ ಲ್ಯಾಬ್‌ಗೆ ಹೋಗಲಿ. ಫಾರ್ಮಲಿನ್‌ಗೆ ಬಿದ್ದ ತುಣುಕಿನಲ್ಲಿ ಟಿಬಿ ಕಲ್ಚರ್ ಆಗುವುದಿಲ್ಲ, ಫ್ಲೋ ಸೈಟೊಮೆಟ್ರಿಯೂ (ಕಣಗಳ ಬಗೆ ಗುರುತಿಸುವ ಪರೀಕ್ಷೆ) ಆಗುವುದಿಲ್ಲ. ಹಸಿ ತುಣುಕು ಹೋದರೆ ಟಿಬಿಯೇ ಇದ್ದರೂ ಸಾಕ್ಷಿ ಸಮೇತ ಸಿಗುತ್ತದೆ.

ಇವನ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಕಡಿಮೆ ಇರುವುದರಿಂದ ಆಪರೇಷನ್‌ಗೆ ಪ್ಲೇಟ್‌ಲೆಟ್ ಬೇಕಾಗಬಹುದು. ಚಿಕ್ಕಪ್ಪ, ಸೋದರಮಾವ ಎಲ್ಲರೂ ಕೊಡಲು ಮುಂದೆ ಬರುತ್ತಾರೆ. ಅವರ ರಕ್ತವನ್ನು ಇವನಿಗೆ ಏರಿಸಬೇಡಿ: ಹತ್ತಿರದ ಸಂಬಂಧಿಯ ಬಿಳಿ ರಕ್ತಕಣ ಇವನ ಮೈಯಲ್ಲಿ ಪರಕೀಯವೆನಿಸದೆ ಉಳಿದು, ಇವನ ಅಂಗಾಂಗಗಳ ಮೇಲೇ ತಿರುಗಿಬೀಳುವ ಅಪಾಯ ಹೆಚ್ಚು. ಯಾರ ರಕ್ತವೇ ಆಗಲಿ, ವಿಕಿರಣಕ್ಕೆ ಒಡ್ಡಿದ (ಕನಿಷ್ಠ 25 ಗ್ರೇ, ಅದು ವಿಕಿರಣದ ಅಳತೆ), ಬಿಳಿಕಣ ಸೋಸಿದ ಚೀಲವನ್ನೇ ಕೇಳಿ. ಈ ಸೌಲಭ್ಯ ಎಲ್ಲ ಬ್ಲಡ್ ಬ್ಯಾಂಕಿನಲ್ಲಿಲ್ಲ. ಮಣಿಪಾಲ, ಬೆಂಗಳೂರಿನಂಥ ಕಡೆಗೆ ಹೊರಡುವ ಮೊದಲು ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ಮಣಿಪಾಲಕ್ಕೆ ಮಳೆಗಾಲದಲ್ಲಿ ಹೊರಟರೆ ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟದ ದಾರಿ ತೆರೆದಿದೆಯೇ ಅಂತಲೂ ವಿಚಾರಿಸಿ.

ಅಲ್ಲಿಯವರೆಗೆ ಐಬುಪ್ರೊಫೆನ್, ಆಸ್ಪಿರಿನ್, ಸೊಂಟದ ಇಂಜೆಕ್ಷನ್ ಯಾವುದೂ ಬೇಡ, ರಕ್ತಸ್ರಾವವಾಗಬಹುದು. ಪೋಲಿಯೊ ಹನಿಯಂಥ ಜೀವಂತ ಲಸಿಕೆಯೂ ಬೇಡ. ಜ್ವರ 38 ಡಿಗ್ರಿ ದಾಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಲಿಂಫೋಮಾ ಎಂದೇ ಬಂದರೂ ಕೈಚೆಲ್ಲಬೇಡಿ. ಕೀಮೋದಿಂದ ಅದನ್ನು ಅಡಗಿಸಿ, ನಂತರ ಅಸ್ಥಿಮಜ್ಜೆ ಕಸಿ ಮಾಡಿದರೆ ಮೂಲ ಕಾಯಿಲೆಯೂ ವಾಸಿಯಾಗಬಲ್ಲದು. ಒಡಹುಟ್ಟಿದವರಿದ್ದರೆ ಎಚ್‌ಎಲ್‌ಎ ಪರೀಕ್ಷೆ (ಕಸಿಗೆ ಹೊಂದುತ್ತಾರೆಯೇ ಎಂದು ನೋಡುವ ರಕ್ತಪರೀಕ್ಷೆ) ಈಗಲೇ ಮಾಡಿಸಿಡಿ. ಒಬ್ಬೊಬ್ಬರೂ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು.