ಸಹಿಗೆ ಮುಂಚೆ ಸಭೆ

ಇಂಡಿ ತಾಲ್ಲೂಕಿನಿಂದ ನಮ್ಮ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಪತ್ರದ ತಿರುಳು ಇಷ್ಟು:

“ನಾನು ಸ್ತ್ರೀಶಕ್ತಿ ಸಂಘದವಳು. ನಮ್ಮೂರ ದವಾಖಾನೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ನನ್ನ ಹೆಸರಿದೆ. ಅದು ನನಗೆ ಗೊತ್ತಾದದ್ದೇ ಗೋಡೆ ಮೇಲಿನ ಬೋರ್ಡ್ ಓದಿ. ವರ್ಷಕ್ಕೆ ಮೂರ್ನಾಲ್ಕು ಸಲ ಒಬ್ಬ ಹುಡುಗ ಮನೆಗೆ ಪುಸ್ತಕ ತರುತ್ತಾನೆ. ‘ಅಕ್ಕಾರ, ಇಲ್ಲೊಂದು ಸಹಿ ಮಾಡ್ರಿ’ ಅನ್ನುತ್ತಾನೆ. ಮಾಡಿದ್ದೇನೆ. ಸಭೆಗೆ ಒಮ್ಮೆಯೂ ಕರೆದಿಲ್ಲ. ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಇರುವುದು ನಮ್ಮ ಯಜಮಾನರ ಫೋನ್ ನಂಬರ್. ಹೆರಿಗೆ ಕೋಣೆಯ ನಲ್ಲಿಯಲ್ಲಿ ನೀರಿಲ್ಲ. ಬಾಣಂತಿಯ ಮನೆಯವರು ಕೊಡ ಹೊತ್ತು ತರುತ್ತಾರೆ. ಹೀಗಿರುವಾಗ ಸರ್ಕಾರ ಇಂಥ ಸಲಹಾ ಸಮಿತಿಗಳನ್ನು ಯಾಕೆ ಮಾಡುತ್ತದೆ? ಸಲಹೆಗೆ ಬೆಲೆ ಇಲ್ಲ ಅಂದ ಮೇಲೆ ಇವನ್ನೆಲ್ಲ ರದ್ದು ಮಾಡಿ ಡಾಕ್ಟರಿಗೇ ಬಿಟ್ಟರೆ ಒಳ್ಳೆಯದಲ್ವಾ? ಮತ್ತೆ, ನಾನು ಸಹಿ ಮಾಡಿದ್ದು ತಪ್ಪೇ?”

ಅಕ್ಕಾವರೇ, ನಮಸ್ಕಾರ.

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಹೌದು, ತಪ್ಪು. ಆದರೆ ಆ ತಪ್ಪನ್ನು ನಾನೂ ಮಾಡಿದ್ದೇನೆ. ಬಹಳ ವರ್ಷಗಳ ಹಿಂದೆ ಒಂದು ವಿದ್ಯಾರ್ಥಿನಿಲಯದ ಸಮಿತಿಯಲ್ಲಿ ನನ್ನನ್ನು ಸೇರಿಸಿದ್ದರು. ಪತ್ರಿಕೆಯವರು ಒಬ್ಬರು ಇರಲಿ ಅಂತ. ಪುಸ್ತಕ ನನ್ನ ಟೇಬಲ್ಲಿಗೇ ಬರುತ್ತಿತ್ತು. ಕೆಲಸದ ಗಡಿಬಿಡಿಯಲ್ಲಿ ಸಹಿ ಹಾಕಿ ಕಳಿಸುತ್ತಿದ್ದೆ. ಒಂದು ಚಳಿಗಾಲದಲ್ಲಿ ಬೇರೆ ಯಾವುದೋ ಸುದ್ದಿಗೆ ಆ ಕಡೆ ಹೋದೆ. ಮಕ್ಕಳು ಬರಿ ಜಮಖಾನದ ಮೇಲೆ ಮುದುಡಿ ಮಲಗಿದ್ದರು. ಮಾತಾಡಿಸಿದಾಗ ಗೊತ್ತಾಯಿತು, ಆ ವರ್ಷ ಅವರಿಗೆ ಹೊದಿಕೆ ಕೊಟ್ಟೇ ಇರಲಿಲ್ಲ. ಕಚೇರಿಗೆ ಬಂದು ನಡಾವಳಿಯ ಪ್ರತಿ ತರಿಸಿ ನೋಡಿದೆ. “ಎಲ್ಲ ಮಕ್ಕಳಿಗೆ ಹೊದಿಕೆ ಹಂಚಿದ್ದನ್ನು ಸಭೆ ಗಮನಿಸಿತು” ಅಂತ ಇತ್ತು. ಕೆಳಗೆ ನನ್ನ ಸಹಿ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವತ್ತಿನಿಂದ ಓದದೆ ಎಲ್ಲಿಯೂ ಸಹಿ ಹಾಕಿಲ್ಲ.

ಹಾಗಾಗಿ ನಿಮ್ಮನ್ನು ಬೈಯುವ ಹಕ್ಕು ನನಗಿಲ್ಲ. ನೀವಾದರೂ ಕೇಳುತ್ತಿದ್ದೀರಿ. ನಾನು ಕೇಳಿರಲಿಲ್ಲ.

ಈಗ ಒಂದು ತಿದ್ದುಪಡಿ. ನಿಮ್ಮದು ಬರೀ ಸಲಹಾ ಸಮಿತಿ ಅಂತ ತಿಳಿದಿದ್ದೀರಿ. ಅಲ್ಲ. ಬೇರೆ ರಾಜ್ಯಗಳಲ್ಲಿ ರೋಗಿ ಕಲ್ಯಾಣ ಸಮಿತಿ ಅನ್ನುವುದನ್ನೇ ನಮ್ಮಲ್ಲಿ ಆರೋಗ್ಯ ರಕ್ಷಾ ಸಮಿತಿ ಅನ್ನುತ್ತಾರೆ. ಇದರ ಹುಟ್ಟು ಇಂದೋರಿನಲ್ಲಿ. 1994ರಲ್ಲಿ ಸೂರತ್‌ನಲ್ಲಿ ಪ್ಲೇಗ್ ಭೀತಿ ಹಬ್ಬಿದಾಗ ಇಂದೋರಿನ ಮಹಾರಾಜಾ ಯಶವಂತರಾವ್ ಆಸ್ಪತ್ರೆಯಲ್ಲಿ ಇಲಿಗಳು ತುಂಬಿದ್ದವು. ಊರಿನ ಜನರ ನೆರವಿನಿಂದ ಆಸ್ಪತ್ರೆ ಖಾಲಿ ಮಾಡಿಸಿ ತೊಳೆದರು. ಮತ್ತೆ ಗಲೀಜಾಗದ ಹಾಗೆ ನೋಡಿಕೊಳ್ಳಲು ಸಮಿತಿ ಮಾಡಿದರು. 2005ರ ಏಪ್ರಿಲ್ 12ರಂದು ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದ ಮೇಲೆ ಇದು ದೇಶಕ್ಕೆಲ್ಲ ಬಂತು. ಅಂದರೆ ನಿಮ್ಮ ಸಮಿತಿಯ ಮೂಲ ಕೆಲಸವೇ ಕಸ, ನೀರು, ಶೌಚಾಲಯ. ನಿಮ್ಮ ಹೆರಿಗೆ ಕೋಣೆಯ ನಲ್ಲಿ.

ಈ ಸಮಿತಿ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾದ ಸಂಸ್ಥೆ. ಇದಕ್ಕೆ ಬೈಲಾ, ಅಂದರೆ ತನ್ನದೇ ನಿಯಮಾವಳಿ ಇದೆ, ಬ್ಯಾಂಕ್ ಖಾತೆ ಇದೆ. ಅಭಿಯಾನದ ಮೊದಲ ವರ್ಷಗಳ ಲೆಕ್ಕ ಹೇಳುತ್ತೇನೆ. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವರ್ಷಕ್ಕೆ ಮುಕ್ತ ನಿಧಿ (ಇಂಥದ್ದಕ್ಕೇ ಅಂತ ಕಟ್ಟಿಡದ ದುಡ್ಡು) 25,000 ರೂಪಾಯಿ, ಕಟ್ಟಡದ ನಿರ್ವಹಣೆಗೆ 50,000, ಸಮಿತಿಗೆ 1 ಲಕ್ಷ. ಒಟ್ಟು 1.75 ಲಕ್ಷ. ಈ ದುಡ್ಡು ಖರ್ಚಾಗಬೇಕಾದರೆ ಠರಾವು ಬೇಕು. ಠರಾವಿಗೆ ಸದಸ್ಯರ ಸಹಿ ಬೇಕು. ಪುಸ್ತಕ ನಿಮ್ಮ ಮನೆ ಬಾಗಿಲಿಗೆ ಯಾಕೆ ಬರುತ್ತಿತ್ತು ಅಂತ ಈಗ ಗೊತ್ತಾಯಿತಲ್ವಾ? ನಿಮ್ಮ ಮಾತು ಬೇಡವಾಗಿತ್ತು. ನಿಮ್ಮ ಸಹಿ ಬೇಕೇ ಬೇಕಾಗಿತ್ತು.

ಆ ದುಡ್ಡು ಪೋಲಾಗಿದೆ ಅಂತ ನಾನು ಹೇಳುತ್ತಿಲ್ಲ. ಪುಸ್ತಕ ನೋಡದೆ ನೀವೂ ಹಾಗೆ ಹೇಳಬೇಡಿ. ಡಾಕ್ಟರು ಅದರಲ್ಲೇ ಔಷಧಿ ತಂದಿರಬಹುದು, ಚಾವಣಿ ಸೋರುವುದನ್ನು ನಿಲ್ಲಿಸಿರಬಹುದು. ಎಷ್ಟೋ ಕಡೆ ವೈದ್ಯಾಧಿಕಾರಿಗಳು ನೂರೆಂಟು ಕೆಲಸದ ನಡುವೆ ಸಭೆ ಕರೆಯಲಾರದೆ ಪುಸ್ತಕ ಕಳಿಸುತ್ತಾರೆ. ಅದು ಅವರಿಗೂ ಒಳ್ಳೆಯದಲ್ಲ. ನಾಳೆ ಆಡಿಟ್‌ನವರು ಕೇಳಿದಾಗ ಅವರ ಬೆನ್ನಿಗೆ ನಿಲ್ಲುವುದು ನಿಜವಾಗಿ ನಡೆದ ಸಭೆಯೇ.

ಡಾಕ್ಟರಿಗೇ ಎಲ್ಲ ಬಿಟ್ಟುಬಿಡಿ ಅನ್ನುವ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಕಾರಣ ದೊಡ್ಡದೇನಲ್ಲ, ನಮ್ಮ ಸೀಮೆಯದೇ. ದೀಪಾವಳಿ ಆಗುತ್ತಿದ್ದ ಹಾಗೆ ತಾಂಡಾಗಳಿಂದ ಜನ ಗುಳೆ ಹೋಗುತ್ತಾರೆ. ಕೆಲವರು ಕಬ್ಬು ಕಡಿಯಲು, ಕೆಲವರು ಗೋವಾ ಕಡೆ. ಕೂಸುಗಳನ್ನೂ ಕಟ್ಟಿಕೊಂಡು ಹೋಗುತ್ತಾರೆ. ಆ ಕೂಸುಗಳ ಲಸಿಕೆ ಅವರು ಹೊರಡುವ ಮುಂಚೆ ಆಗಬೇಕು. ಹೊಸದಾಗಿ ಬಂದ ಡಾಕ್ಟರಿಗೆ ಇದು ಹೇಗೆ ಗೊತ್ತಾಗಬೇಕು? ಬೆಂಗಳೂರಿನ ಫೈಲಿನಲ್ಲಿ ಇದು ಇರುವುದಿಲ್ಲ. ನಿಮಗೆ ಗೊತ್ತಿದೆ. ನಿಮ್ಮ ಸಂಘದ ಹತ್ತು ಹೆಂಗಸರಿಗೂ ಗೊತ್ತಿದೆ. ಸಂಜೆ ಹೊತ್ತು ಯಾವ ಓಣಿಯಿಂದ ಬಸುರಿಯನ್ನು ಕರೆತರಲು ಗಾಡಿ ಸಿಗುವುದಿಲ್ಲ, ಯಾವ ಮನೆಯಲ್ಲಿ ಅಜ್ಜ ಬಿಪಿ ಗುಳಿಗೆ ಬಿಟ್ಟು ಕೂತಿದ್ದಾನೆ, ಇದೆಲ್ಲ ಊರಿನವರ ತಲೆಯಲ್ಲಿ ಇರುವ ವಿಷಯ.

ಇದು ಹೊಸ ವಿಚಾರವೂ ಅಲ್ಲ. ಸ್ವಾತಂತ್ರ್ಯಕ್ಕೆ ಮುಂಚೆಯೇ, 1946ರಲ್ಲಿ, ದೇಶದ ಆರೋಗ್ಯ ವ್ಯವಸ್ಥೆ ಹೇಗಿರಬೇಕು ಅಂತ ಹೇಳಲು ಸರ್ಕಾರ ನೇಮಿಸಿದ್ದ ಭೋರ್ ಸಮಿತಿ ತನ್ನ ವರದಿಯಲ್ಲಿ ಹಳ್ಳಿಗೆ 5ರಿಂದ 7 ಜನರ ಆರೋಗ್ಯ ಸಮಿತಿ ಇರಲಿ ಅಂದಿತ್ತು. ನಮ್ಮ ಬೆಳಗಾವಿ ಜಿಲ್ಲೆಯನ್ನೇ ನೋಡಿ. ಘಟಪ್ರಭಾದಲ್ಲಿ 1997ರಲ್ಲಿ ಮಾಜಿ ದೇವದಾಸಿಯರು ತಮ್ಮದೇ ಸಂಸ್ಥೆ ಕಟ್ಟಿಕೊಂಡರು, ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಅಂತ. ಬೇರೆಯವರು ತಮ್ಮ ಬಗ್ಗೆ ತೀರ್ಮಾನ ಮಾಡುವುದು ಸಾಕು ಅಂತ ತಾವೇ ಕುರ್ಚಿಯಲ್ಲಿ ಕೂತರು. ನನಗೆ ಅವರ ಬಗ್ಗೆ ಬಹಳ ಗೌರವ.

ಇನ್ನು ನಿಜವಾದ ಸಲಹಾ ಸಮಿತಿಯ ವಿಷಯ. ಸಲಹೆಗೆ ಬೆಲೆ ಇಲ್ಲ ಅಂದಿರಲ್ಲ, ಅದು ನಿಯಮ ಹೇಗೆ ಬರೆದಿದ್ದಾರೆ ಅನ್ನುವುದರ ಮೇಲಿದೆ. ಗರ್ಭದಲ್ಲಿ ಗಂಡೋ ಹೆಣ್ಣೋ ನೋಡುವುದನ್ನು ನಿಷೇಧಿಸಿದ 1994ರ ಕಾಯ್ದೆಯನ್ನು ತೆಗೆದುಕೊಳ್ಳಿ. ಸ್ಕ್ಯಾನಿಂಗ್ ಸೆಂಟರುಗಳಿಗೆ ನೋಂದಣಿ ಕೊಡುವ ಪ್ರತಿ ಪ್ರಾಧಿಕಾರಕ್ಕೂ ಸರ್ಕಾರ ಒಂದು ಸಲಹಾ ಸಮಿತಿ ಮಾಡಲೇಬೇಕು. ಅದರಲ್ಲಿ ಮೂವರು ವೈದ್ಯ ತಜ್ಞರು, ಒಬ್ಬ ಕಾನೂನು ತಜ್ಞ, ವಾರ್ತಾ ಇಲಾಖೆಯ ಒಬ್ಬ ಅಧಿಕಾರಿ, ಮೂವರು ಸಮಾಜ ಸೇವಕರು. ಆ ಮೂವರಲ್ಲಿ ಕನಿಷ್ಠ ಒಬ್ಬರು ಮಹಿಳಾ ಸಂಘಟನೆಯವರು. ಲಿಂಗ ಪತ್ತೆಯ ದಂಧೆಯ ಜೊತೆ ಯಾವತ್ತಾದರೂ ನಂಟು ಇದ್ದವರು ಬರುವಂತಿಲ್ಲ. ಎರಡು ಸಭೆಗಳ ನಡುವೆ 60 ದಿನಕ್ಕಿಂತ ಜಾಸ್ತಿ ಅಂತರ ಇರುವಂತಿಲ್ಲ. ನೋಂದಣಿ ಅರ್ಜಿ ಬಂದಾಗ, ರದ್ದು ಮಾಡಿ ಅಂತ ದೂರು ಬಂದಾಗ, ಪ್ರಾಧಿಕಾರ ಈ ಸಮಿತಿಯ ಸಲಹೆ ಕೇಳಬೇಕು, ಅದನ್ನು ಪರಿಗಣಿಸಬೇಕು.

ನೋಡಿ, ಇಲ್ಲಿ ಸಲಹೆ ಅನ್ನುವುದು ಸುಮ್ನೆ ಹೇಳಿ ಎದ್ದು ಹೋಗುವ ಮಾತಲ್ಲ. ಯಾರು ಕೂರಬೇಕು, ಯಾರು ಕೂರಬಾರದು, ಎಷ್ಟು ದಿನಕ್ಕೊಮ್ಮೆ, ಯಾವ ವಿಷಯಕ್ಕೆ, ಎಲ್ಲವನ್ನೂ ಬರೆದಿಟ್ಟಿದ್ದಾರೆ. ಹಾಗಿದ್ದೂ 2017ರಲ್ಲಿ ಕಾಗವಾಡದ ಆಚೆ, ಗಡಿ ದಾಟಿದರೆ ಸಿಗುವ ಮಹಾರಾಷ್ಟ್ರದ ಮ್ಹೈಸಾಳದಲ್ಲಿ ಗರ್ಭಪಾತ ಮಾಡಿ ಎಸೆದ 19 ಭ್ರೂಣಗಳು ಸಿಕ್ಕವು. ಗಡಿಯ ಎರಡೂ ಕಡೆಯ ನಾವು ಆ ಸುದ್ದಿ ಮರೆಯಬಾರದು. ನಿಯಮ ಒಳ್ಳೆಯದಿದ್ದರೆ ಸಾಲದು, ಒಳಗೆ ಕೂತವರು ಬಾಯಿ ಬಿಡಬೇಕು. ಆದರೆ ನಿಯಮವೇ ಸಡಿಲ ಇದ್ದರೆ ಬಾಯಿ ಬಿಡುವವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ನನ್ನ ಒತ್ತಾಯ ಅದೇ. ಸರ್ಕಾರ ಆದೇಶದಿಂದ ಮಾಡುವ ಪ್ರತಿಯೊಂದು ಸಮಿತಿಗೂ ಈ 60 ದಿನದಂಥ ಒಂದು ಗಡುವು ಇರಬೇಕು.

ನಿಮ್ಮ ಊರಲ್ಲಿ ಇನ್ನೂ ಒಂದು ಸಮಿತಿ ಇರಬೇಕು, ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಅಂತ. ಮಾರ್ಗಸೂಚಿ ಪ್ರಕಾರ ಕನಿಷ್ಠ 15 ಜನ, ಅರ್ಧದಷ್ಟಾದರೂ ಹೆಂಗಸರು, ತಿಂಗಳಿಗೊಂದು ಸಭೆ. ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿ. ನಿಮ್ಮೂರ ಆಶಾ ಕಾರ್ಯಕರ್ತೆಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಅವರನ್ನು ಮೊದಲು ಕೇಳಿ.

ಮೇಲಿನ ಹಂತದಲ್ಲಿ ಒಂದು ದೊಡ್ಡ ಖಾಲಿ ಜಾಗ ಬಿದ್ದಿತ್ತು, ಅದನ್ನು ಹೇಳದೆ ಇರಲಾರೆ. ನಮ್ಮ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಜಿಲ್ಲಾ ಪಂಚಾಯಿತಿಗೆ ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿ ಇದೆ. ಚುನಾಯಿತ ಸದಸ್ಯರು ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಅವರನ್ನು ಎದುರು ಕೂರಿಸಿಕೊಂಡು ಕೇಳುವ ಜಾಗ ಅದು. 2016ರಲ್ಲಿ ಗೆದ್ದವರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಸದಸ್ಯರೇ ಇಲ್ಲ ಅಂದ ಮೇಲೆ ಸಮಿತಿ ಎಲ್ಲಿಂದ ಬರಬೇಕು? ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಜಿಲ್ಲೆಗಳ ಕಥೆ ಇದೇ. ಇದು ನಿಮ್ಮ ನಲ್ಲಿಗೂ ಸಂಬಂಧಪಟ್ಟ ವಿಷಯ. ಕೆಳಗಿನ ಸಮಿತಿ ಮಲಗಿದರೆ ಎಬ್ಬಿಸಬೇಕಾದ ಸಮಿತಿಯೇ ಇರಲಿಲ್ಲ.

ಈಗ ನೀವು ಏನು ಮಾಡಬಹುದು?

ದವಾಖಾನೆಗೆ ಹೋಗಿ ವೈದ್ಯಾಧಿಕಾರಿಯನ್ನು ಭೇಟಿ ಮಾಡಿ. ಜಗಳಕ್ಕೆ ಅಲ್ಲ. “ನಾನು ಸದಸ್ಯೆ, ನನಗೆ ಬೈಲಾದ ಪ್ರತಿ ಬೇಕು, ನಡಾವಳಿ ಪುಸ್ತಕ ಓದಬೇಕು” ಅಂತ ಹೇಳಿ. ಸದಸ್ಯೆಯಾಗಿ ಅದು ನಿಮ್ಮ ಹಕ್ಕು. ಸಭೆ ಎಷ್ಟು ದಿನಕ್ಕೊಮ್ಮೆ, ಎಷ್ಟು ದಿನ ಮುಂಚೆ ನೋಟಿಸು, ಕೋರಂ (ಸಭೆ ನಡೆಯಲು ಇರಲೇಬೇಕಾದ ಸದಸ್ಯರ ಸಂಖ್ಯೆ) ಎಷ್ಟು, ಎಲ್ಲ ಬೈಲಾದಲ್ಲೇ ಇರುತ್ತದೆ. ನೀವು ಹೋಗದ ಸಭೆಗಳಲ್ಲಿ ನಿಮ್ಮ ಹಾಜರಾತಿ ಇದ್ದರೆ, ಆ ತಾರೀಖುಗಳನ್ನು ಬರೆದುಕೊಳ್ಳಿ. “ಈ ದಿನಗಳಲ್ಲಿ ನಾನು ಸಭೆಯಲ್ಲಿ ಇರಲಿಲ್ಲ, ಪುಸ್ತಕ ಮನೆಗೆ ಬಂದಾಗ ಸಹಿ ಮಾಡಿದ್ದೆ, ಇನ್ನು ಮುಂದೆ ಸಭೆಯಲ್ಲಿ ಮಾತ್ರ ಸಹಿ ಮಾಡುತ್ತೇನೆ” ಅಂತ ಒಂದು ಪತ್ರ ಕೊಟ್ಟು, ಇನ್ನೊಂದು ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬರೆಯಲು ಕಷ್ಟ ಆಗಬಹುದು. ನನಗೂ ಆಗಿತ್ತು. ಬರೆದ ಮೇಲೆ ಎದೆ ಹಗುರಾಯಿತು.

ಪುಸ್ತಕ ತೋರಿಸದಿದ್ದರೆ ಮಾಹಿತಿ ಹಕ್ಕು ಇದೆ. 2005ರ ಆ ಕಾಯ್ದೆಯ 4ನೇ ಕಲಂ ಇಂಥ ಸಮಿತಿಗಳಿಗಾಗಿಯೇ ಬರೆದ ಹಾಗಿದೆ. ಸಲಹೆಗಾಗಿ ಯಾವ ಯಾವ ಸಮಿತಿಗಳಿವೆ, ಅವುಗಳ ಸಭೆಗೆ ಜನ ಬರಬಹುದೇ, ನಡಾವಳಿ ಜನರಿಗೆ ಸಿಗುತ್ತದೆಯೇ, ಇದನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು ಅನ್ನುತ್ತದೆ. ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಆದ್ದರಿಂದ ನಲ್ಲಿಯ ಮಾತು, ಔಷಧಿಯ ಮಾತು ಎಲ್ಲ ಸೇರಿಸಬೇಡಿ. ಕಳೆದ ಮೂರು ವರ್ಷದ ನಡಾವಳಿ ಮತ್ತು ಅದರ ಖರ್ಚಿನ ವಿವರ, ಅಷ್ಟನ್ನೇ ಕೇಳಿ.

ಮುಂದಿನ ಸಭೆಗೆ ಒಬ್ಬರೇ ಹೋಗಬೇಡಿ ಅನ್ನುತ್ತಿದ್ದೆ, ಆದರೆ ಸದಸ್ಯರಲ್ಲದವರನ್ನು ಒಳಗೆ ಬಿಡದೆ ಇರಬಹುದು. ಸಂಘದ ಇಬ್ಬರು ಹೊರಗಿನ ಬೆಂಚಿನ ಮೇಲೆ ಕೂತಿರಲಿ. ಅಷ್ಟಿದ್ದರೂ ಧೈರ್ಯ ಬರುತ್ತದೆ. ಒಳಗೆ ಒಂದೇ ವಿಷಯ ಎತ್ತಿ: ಹೆರಿಗೆ ಕೋಣೆಗೆ ನೀರು. ಟಾಕಿ ಸೋರುತ್ತಿದೆಯೋ, ಪೈಪ್ ಒಡೆದಿದೆಯೋ, ಮೋಟಾರು ಸುಟ್ಟಿದೆಯೋ ಮುಂಚೆಯೇ ನೋಡಿಕೊಂಡು ಹೋಗಿ. ಎಷ್ಟು ಖರ್ಚು, ಯಾರ ಜವಾಬ್ದಾರಿ, ಯಾವ ತಾರೀಖಿನ ಒಳಗೆ, ಈ ಮೂರೂ ಠರಾವಿನಲ್ಲಿ ಬರುವ ತನಕ ಏಳಬೇಡಿ. ಓದಿಸಿ ಕೇಳಿ. ಆಮೇಲೆ ಸಹಿ ಮಾಡಿ.

150 ಪದದ ಅರ್ಜಿಯ ನಮೂನೆಯನ್ನು ನಾನೇ ಬರೆದು ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಬೇರೆ ಊರುಗಳ ಸಮಿತಿ ಸದಸ್ಯರಿಗೂ ಬೇಕಾದರೆ ಕೇಳಲಿ, ಅವರಿಗೂ ಕಳಿಸುತ್ತೇವೆ. ನೀವು ಮಾತ್ರ ನಾಳೆಯೇ ಒಂದು ಸಣ್ಣ ಕೆಲಸ ಮಾಡಿ. ಆ ಪಟ್ಟಿಯಲ್ಲಿ ಯಜಮಾನರ ನಂಬರ್ ಹೊಡೆದು ಹಾಕಿಸಿ, ನಿಮ್ಮದು ಬರೆಸಿ. ಸಭೆಯ ನೋಟಿಸು ನಿಮ್ಮ ಫೋನಿಗೇ ಬರಲಿ.