ಮಂಗಳೂರಿನ ಚೀಟಿ, ಕಾಸರಗೋಡಿನ ಮೆಡಿಕಲ್

ಕರ್ನಾಟಕ-ಕೇರಳ ಗಡಿಯ ತಲಪಾಡಿ ದಾಟಿದ ಮೇಲೆ ಮಂಗಳೂರಿನ ಡಾಕ್ಟರು ಬರೆದ ನಿದ್ದೆ ಮಾತ್ರೆಯ ಚೀಟಿ ನಡೆಯುವುದಿಲ್ಲವಂತೆ, ಹೌದೇ ಎಂದು ಕೇಳಿದ್ದೀರಿ. ಇಲ್ಲ, ಅದು ನಿಜವಲ್ಲ. ಯಾವುದೇ ರಾಜ್ಯದ ವೈದ್ಯಕೀಯ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದ ಡಾಕ್ಟರು ಬರೆದ ಚೀಟಿ ಇಡೀ ದೇಶಕ್ಕೆ ಸಲ್ಲುತ್ತದೆ. ಆದರೂ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಚೀಟಿ ಹಿಡಿದು ಹೋದವರು ಬರಿಗೈಲಿ ಬರುವುದುಂಟು. ಕಾರಣ ಗಡಿಯಲ್ಲ, ಚೀಟಿ ಬರೆದ ರೀತಿ.

ಮೊದಲು ನಮ್ಮ ಪರಿಸ್ಥಿತಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು, ದೊಡ್ಡ ಆಸ್ಪತ್ರೆಗಳು ಮಂಗಳೂರಿನಲ್ಲೇ ಉಳಿದವು. ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದೇ 2013ರಲ್ಲಿ. ಕಾಸರಗೋಡು ಪೇಟೆಯಿಂದ ಮಂಗಳೂರು ಸುಮಾರು 50 ಕಿಲೋಮೀಟರ್. ಉಪ್ಪಳ, ಮಂಜೇಶ್ವರದವರಿಗೆ ಇನ್ನೂ ಹತ್ತಿರ. ಹಾಗಾಗಿ ಮೂರ್ಛೆರೋಗ, ಕ್ಯಾನ್ಸರ್, ಮಾನಸಿಕ ಕಾಯಿಲೆ ಎಲ್ಲಕ್ಕೂ ಚೀಟಿ ಹುಟ್ಟುವುದು ಕರ್ನಾಟಕದಲ್ಲಿ, ಮಾತ್ರೆ ಖರೀದಿ ಕೇರಳದಲ್ಲಿ. 2020ರ ಮಾರ್ಚಿನಲ್ಲಿ ರಸ್ತೆಗೆ ಮಣ್ಣು ಸುರಿದು ಗಡಿ ಮುಚ್ಚಿದಾಗ ಈ ಹಗ್ಗ ಎಷ್ಟು ತೆಳು ಎಂದು ಹೊರಗಿನವರಿಗೂ ಗೊತ್ತಾಯಿತು.

ಈಗ ಮೆಡಿಕಲ್‌ನ ಕೌಂಟರಿಗೆ ಬನ್ನಿ. ನಿದ್ದೆ, ಆತಂಕ, ನೋವಿಗೆ ಕೊಡುವ ಆಲ್ಪ್ರಜೋಲಾಮ್, ಡಯಾಜೆಪಾಮ್, ಜೋಲ್ಪಿಡೆಮ್, ಟ್ರಮಡಾಲ್ ಇವೆಲ್ಲ ಔಷಧ ನಿಯಮದ ಎಚ್1 ಪಟ್ಟಿಯ ಮದ್ದುಗಳು. 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಈ ಪಟ್ಟಿಯ ಮದ್ದು ಕೊಟ್ಟಾಗಲೆಲ್ಲ ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಡಾಕ್ಟರ ಹೆಸರು-ವಿಳಾಸ, ರೋಗಿಯ ಹೆಸರು, ಮದ್ದಿನ ಹೆಸರು, ಎಷ್ಟು ಕೊಟ್ಟರು ಎಂಬುದನ್ನು ಬರೆಯಬೇಕು. ಪುಸ್ತಕವನ್ನು ಮೂರು ವರ್ಷ ಇಡಬೇಕು. ಮಿಥೈಲ್‌ಫೆನಿಡೇಟ್, ಕೆಟಮಿನ್‌ನಂಥ, ಇನ್ನೂ ಬಿಗಿ ನಿಯಮದ ಎಕ್ಸ್ ಪಟ್ಟಿಯವುಗಳಿಗೆ ಚೀಟಿ ಎರಡು ಪ್ರತಿ ಬೇಕು, ಒಂದು ಅಂಗಡಿಯಲ್ಲೇ ಉಳಿಯುತ್ತದೆ. ಡ್ರಗ್ಸ್ ಇನ್‌ಸ್ಪೆಕ್ಟರ್ ಬಂದಾಗ ಮೊದಲು ತೆರೆಸುವುದು ಈ ಪುಸ್ತಕವನ್ನೇ. ದೂರದ ಊರಿನ, ಗೊತ್ತಿಲ್ಲದ ಡಾಕ್ಟರ ಹೆಸರು, ಅದೂ ಓದಲಾಗದ ಅಕ್ಷರದಲ್ಲಿ ಬಂದರೆ ಅಂಗಡಿಯವರು "ಸ್ಟಾಕ್ ಇಲ್ಲ" ಎಂದುಬಿಡುತ್ತಾರೆ. ಅವರನ್ನು ಪೂರ್ತಿ ದೂರುವಂತೆಯೂ ಇಲ್ಲ.

ಹೆಚ್ಚಾಗಿ ಕೆಡುವುದು ಇಲ್ಲಿ: ಚೀಟಿಯಲ್ಲಿ ತಾರೀಕು, ಸಹಿ, ರೋಗಿಯ ಹೆಸರು ಮತ್ತು ವಿಳಾಸ, ದಿನಕ್ಕೆಷ್ಟು, ಒಟ್ಟು ಎಷ್ಟು ಎಂಬುದೆಲ್ಲ ಇರಬೇಕೆಂದು ನಿಯಮವೇ ಹೇಳುತ್ತದೆ. ಡಾಕ್ಟರು "1-0-1, ಮೂರು ತಿಂಗಳು ಬಿಟ್ಟು ಬನ್ನಿ" ಎಂದು ಬರೆದರೆ ಒಟ್ಟು ಎಷ್ಟೆಂಬುದು ಬಿಟ್ಟುಹೋಯಿತು. ಡಿಸ್ಚಾರ್ಜ್ ಸಮರಿಯನ್ನೇ ಚೀಟಿಯೆಂದು ತೋರಿಸುವವರದೂ ಇದೇ ಗತಿ. ಇನ್ನೊಂದು: ಒಮ್ಮೆ ಮದ್ದು ಕೊಟ್ಟ ಮೇಲೆ ಅಂಗಡಿಯವರು ಡಾಕ್ಟರ ಸಹಿಯ ಮೇಲ್ಗಡೆ ತಮ್ಮ ಅಂಗಡಿಯ ಹೆಸರು, ತಾರೀಕು ಹಾಕುತ್ತಾರೆ. ಆ ಚೀಟಿ ಅಲ್ಲಿಗೆ ಮುಗಿಯಿತು. ಮುಂದಿನ ತಿಂಗಳೂ ಅದೇ ಚೀಟಿ ಸಾಗಬೇಕಾದರೆ "30 ದಿನಕ್ಕೊಮ್ಮೆ, ಮೂರು ಸಲ ಕೊಡಬಹುದು" ಎಂದು ಡಾಕ್ಟರ ಕೈಯಿಂದಲೇ ಬರೆಸಿಕೊಳ್ಳಬೇಕು. ಈ ಒಂದು ಸಾಲಿಗೋಸ್ಕರ ಮಂಗಳೂರಿಗೆ ಮತ್ತೊಮ್ಮೆ ಬಸ್ಸು ಹತ್ತುವವರು ಎಷ್ಟೋ ಮಂದಿ.

ಮಂಗಳೂರಿನಲ್ಲೇ ಖರೀದಿಸಿ ತರುವುದಾದರೆ ಲೆಕ್ಕ ತಿಳಿದಿರಲಿ. ಮಾದಕ ವಸ್ತು ತಡೆಯ ಎನ್‌ಡಿಪಿಎಸ್ ನಿಯಮದಂತೆ, ಮನಸ್ಸಿನ ಮೇಲೆ ಪರಿಣಾಮ ಬೀರುವ (ಸೈಕೋಟ್ರೋಪಿಕ್) ಪಟ್ಟಿಯ ಮದ್ದನ್ನು ಸ್ವಂತ ಚಿಕಿತ್ಸೆಗೆ ಒಬ್ಬರು ಒಮ್ಮೆಗೆ 100 ಮಾತ್ರೆಯವರೆಗೆ ಇಟ್ಟುಕೊಳ್ಳಬಹುದು. ದೀರ್ಘಕಾಲದ ಚಿಕಿತ್ಸೆ ಎಂದು ಡಾಕ್ಟರು ನಿರ್ದಿಷ್ಟವಾಗಿ ಬರೆದಿದ್ದರೆ 300ರವರೆಗೆ. ಮೂರ್ಛೆರೋಗದ ಕ್ಲೋಬಜಾಮ್, ಫಿನೋಬಾರ್ಬಿಟೋನ್ ಕೂಡ ಈ ಪಟ್ಟಿಯಲ್ಲೇ ಇವೆ. ದಿನಕ್ಕೆ ಎರಡರಂತೆ 90 ದಿನಕ್ಕೆ 180 ಮಾತ್ರೆ. ಆ ಬರಹ ಇಲ್ಲದಿದ್ದರೆ ಮಿತಿ ಮೀರಿದಂತೆ. ಎಂಡೋಸಲ್ಫಾನ್ ಕೀಟನಾಶಕ ಬಿದ್ದ ಎಣ್ಮಕಜೆಯಂಥ ಊರುಗಳಲ್ಲಿ ಮೂರ್ಛೆ ಬರುವ ಮಕ್ಕಳ ಮನೆಯವರಿಗೆ ಇದನ್ನು ಹೇಳುವವರೇ ಇಲ್ಲ. ಅಬಕಾರಿ ಚೆಕ್‌ಪೋಸ್ಟಿನಲ್ಲಿ ಚೀಲ ತೆರೆದರೆ ಚೀಟಿ, ಬಿಲ್ಲು, ಮೂಲ ಸ್ಟ್ರಿಪ್ ಮೂರೂ ಒಟ್ಟಿಗೆ ಇರಬೇಕು. ಮಾತ್ರೆ ಬಿಡಿಸಿ ಡಬ್ಬಿಗೆ ಹಾಕಿಕೊಂಡು ಬರಬೇಡಿ. ಸ್ಟ್ರಿಪ್ ಕತ್ತರಿಸಿ ಕೊಟ್ಟರೆ ಹೆಸರು, ಬ್ಯಾಚ್ ನಂಬರ್ ಇರುವ ತುಂಡನ್ನೇ ಕೇಳಿ ಪಡೆಯಿರಿ.

ಕ್ಯಾನ್ಸರಿನ ತೀವ್ರ ನೋವಿಗೆ ಕೊಡುವ ಮಾರ್ಫಿನ್ ವಿಷಯ ಬೇರೆ, ಇಲ್ಲಿ ಗಡಿ ನಿಜವಾಗಿಯೂ ಅಡ್ಡ ಬರುತ್ತದೆ. ಎನ್‌ಡಿಪಿಎಸ್ ಕಾಯ್ದೆಯ 2014ರ ತಿದ್ದುಪಡಿಯಲ್ಲಿ ಮಾರ್ಫಿನ್ ಮುಂತಾದವನ್ನು ಅಗತ್ಯ ನಾರ್ಕೋಟಿಕ್ ಔಷಧ ಎಂದು ಬೇರ್ಪಡಿಸಿ, ಮರುವರ್ಷ ದೇಶಕ್ಕೆಲ್ಲ ಒಂದೇ ನಿಯಮ ಮಾಡಿದರು. ಆದರೆ ಅದನ್ನು ಇಟ್ಟುಕೊಳ್ಳುವ ಆಸ್ಪತ್ರೆಗೆ ಮಾನ್ಯತೆ ಕೊಡುವುದು ಆಯಾ ರಾಜ್ಯದ ಔಷಧ ನಿಯಂತ್ರಕರು. ಅಲ್ಲಿನ ದಾಸ್ತಾನು ಅಲ್ಲಿ ನೋಂದಾಯಿಸಿದ ರೋಗಿಗೆ. ನಾಲ್ಕು ಗಂಟೆಗೊಂದು 10 ಮಿಲಿಗ್ರಾಂ ಮಾತ್ರೆ ಎಂದರೆ ದಿನಕ್ಕೆ 6, ಎರಡು ವಾರಕ್ಕೆ 84. ಮಂಗಳೂರಿನ ಕ್ಯಾನ್ಸರ್ ಆಸ್ಪತ್ರೆ ಕೊಟ್ಟ 84 ಮುಗಿಯುವ ಹೊತ್ತಿಗೆ ಪೆರ್ಲದ ಯಾವ ಮೆಡಿಕಲ್‌ನಲ್ಲೂ ಅದು ಸಿಗದು.

ಉಪಾಯ ಇದೆ, ಮುಂಚೆಯೇ ಮಾಡಬೇಕು ಅಷ್ಟೆ. ಆಸ್ಪತ್ರೆಯಿಂದ ಹೊರಡುವಾಗಲೇ ವರ್ಗಾವಣೆ ಪತ್ರ ಕೇಳಿ: ಕಾಯಿಲೆ, ಈಗಿನ ಡೋಸು, ಕೊನೆಗೆ ಕೊಟ್ಟ ತಾರೀಕು, ಎಷ್ಟು ಮಾತ್ರೆ ಕೊಟ್ಟರು. ಒಂದು ವಾರದ ಮಾತ್ರೆ ಉಳಿದಿರುವಾಗಲೇ ಅದನ್ನು ಪಂಚಾಯತಿನ ಪಾಲಿಯೇಟಿವ್ (ನೋವು ಶಮನದ ಆರೈಕೆಯ) ಸಿಸ್ಟರಿಗೆ ತೋರಿಸಿ. ಮನೆಮನೆಗೆ ಬರುವ ಈ ವ್ಯವಸ್ಥೆ ಕೇರಳದ 2008ರ ನೀತಿಯ ಫಲ, ಕರ್ನಾಟಕದ ಕಡೆ ಇಷ್ಟು ಸಲೀಸಾಗಿ ಸಿಗದು. ಮಾನ್ಯತೆ ಇರುವ ಹತ್ತಿರದ ಕ್ಲಿನಿಕ್ಕಿನಲ್ಲಿ ಹೊಸ ಫೈಲು ತೆರೆದು, ಅಲ್ಲಿನ ತರಬೇತಿ ಪಡೆದ ಡಾಕ್ಟರೇ ಮತ್ತೆ ಬರೆದುಕೊಡುತ್ತಾರೆ. ಮಲಬದ್ಧತೆಯ ಮಾತ್ರೆ ಜತೆಗಿದೆಯೇ ನೋಡಿ. ಅದಿಲ್ಲದೆ ಹೊಟ್ಟೆ ಕಟ್ಟಿ, ಮಾರ್ಫಿನ್ನೇ ಬೇಡವೆಂದು ಬಿಡುವವರಿದ್ದಾರೆ. ರೋಗಿ ತೀರಿಕೊಂಡರೆ ಉಳಿದ ಮಾತ್ರೆಯನ್ನು ಎಣಿಸಿ ಕ್ಲಿನಿಕ್ಕಿಗೇ ಒಪ್ಪಿಸಿ.

ಎರಡನೇ ಪ್ರಶ್ನೆ: ಇಂಥ ನಿಯಮ ಬದಲಿಸುವಾಗ ಗಡಿನಾಡಿನವರು ಏನು ಹೇಳಬೇಕು? ಕೇಂದ್ರವು ಔಷಧ ನಿಯಮದ ಕರಡನ್ನು ಗೆಜೆಟಿನಲ್ಲಿ ಪ್ರಕಟಿಸಿ ಆಕ್ಷೇಪ, ಸಲಹೆ ಕರೆಯುತ್ತದೆ. 2018ರ ಆಗಸ್ಟಿನ ಆನ್‌ಲೈನ್ ಔಷಧ ಮಾರಾಟದ ಕರಡಿಗೆ 45 ದಿನ ಕೊಟ್ಟಿದ್ದರು. ಕರಡು ಬರುವುದು ಹಿಂದಿ, ಇಂಗ್ಲಿಷಿನಲ್ಲಿ. ಪೆರ್ಲದ ಮೆಡಿಕಲ್‌ಗೆ ಸುದ್ದಿ ಮುಟ್ಟುವಾಗ ಅವಧಿ ಅರ್ಧ ಕಳೆದಿರುತ್ತದೆ. ಕುಂದುಕೊರತೆಯನ್ನು ಕನ್ನಡದಲ್ಲೇ ಬರೆಯಲು ಸಂವಿಧಾನದ 350ನೇ ವಿಧಿ ಅವಕಾಶ ಕೊಟ್ಟಿದೆ. ಆದರೂ ಜತೆಗೊಂದು ಇಂಗ್ಲಿಷ್ ಹಾಳೆ ಲಗತ್ತಿಸುವುದು ಜಾಣತನ. ಕರಡಿನ ಜಿಎಸ್‌ಆರ್ (ಗೆಜೆಟ್ ಅಧಿಸೂಚನೆಯ) ಸಂಖ್ಯೆ, ಉಪನಿಯಮದ ಸಂಖ್ಯೆ, ಈಗಿನ ವಾಕ್ಯ, ಅದರ ಬದಲು ಬೇಕಾದ ವಾಕ್ಯ, ಇಷ್ಟು ಬರೆದರೆ ಓದುತ್ತಾರೆ. "ಜನರಿಗೆ ತೊಂದರೆ" ಎಂದಷ್ಟೇ ಬರೆದದ್ದು ಕಟ್ಟಿನಲ್ಲಿ ಉಳಿಯುತ್ತದೆ.

ಎಚ್1 ಪುಸ್ತಕವನ್ನು ಕಂಪ್ಯೂಟರಿಗೆ ಏರಿಸುವ ಕರಡು ಬಂದರೆ ನಮ್ಮ ಮೊದಲ ಆಕ್ಷೇಪ ಹೆಸರಿನದು. ಮಂಗಳೂರಿನ ಚೀಟಿಯಲ್ಲಿ ಮಂಜೇಶ್ವರ, ಇಲ್ಲಿನ ಒಪಿ ಚೀಟಿಯಲ್ಲಿ ಮಂಜೇಶ್ವರಂ. ಅಲ್ಲಿ ಕುಂಬಳೆ, ಇಲ್ಲಿ ಕುಂಬಳ. ಒಂದು ಕಡೆ ತಂದೆಯ ಹೆಸರು, ಇನ್ನೊಂದು ಕಡೆ ಮನೆಹೆಸರು. ಯಂತ್ರಕ್ಕೆ ಒಬ್ಬ ರೋಗಿ ಇಬ್ಬರಾಗುತ್ತಾನೆ, ಇಲ್ಲವೇ ಎರಡು ರಾಜ್ಯದಲ್ಲಿ ಮಾತ್ರೆ ಕೂಡಿಡುವವನಂತೆ ಕಾಣುತ್ತಾನೆ. ಡಾಕ್ಟರ ನೋಂದಣಿ ಸಂಖ್ಯೆಯ ಜತೆ ರಾಜ್ಯದ ಹೆಸರನ್ನೂ ತುಂಬುವ ಜಾಗ ಬೇಕು. ಕೇರಳದ ಪಟ್ಟಿಯಲ್ಲಿ ಆ ಸಂಖ್ಯೆ ಸಿಗಲಿಲ್ಲ ಎಂದು ಚೀಟಿ ತಳ್ಳಿಹಾಕಬಾರದು. ನೆಟ್‌ವರ್ಕ್ ಇಲ್ಲದ ಹೊತ್ತಿನಲ್ಲಿ ಕೈಬರಹದ ಪುಸ್ತಕ ಸಾಕು ಎಂಬ ಸಾಲೂ ಬೇಕು. ಎಣ್ಮಕಜೆಯ ಗುಡ್ಡದ ಮೇಲೆ ಮಳೆಗಾಲದಲ್ಲಿ ಕರೆಂಟು ಹೋದರೆ ಮಾರನೇ ದಿನ ಬಂದರೂ ಬಂತು.