ದೂರ ಒಂದೇ, ಸಮಯ ಬೇರೆ ಏಕೆ?

ಪ್ರಶ್ನೆ: ನನ್ನ ಮಗಳಿಗೆ ಲಂಡನ್‌ನಿಂದ ನ್ಯೂಯಾರ್ಕ್‌ಗೆ ಹೋಗುವಾಗ ಎಂಟು ಗಂಟೆ ಹಿಡಿಯಿತು, ಹಿಂದಿರುಗುವಾಗ ಏಳು ಗಂಟೆಯೂ ಬೇಕಾಗಲಿಲ್ಲ. ಭೂಮಿ ತಿರುಗುವುದೇ ಇದಕ್ಕೆ ಕಾರಣವೆಂದು ವಾಟ್ಸಾಪ್‌ನಲ್ಲಿ ಓದಿದೆ. ನಿಜವೇ? – ಓದುಗರು, ವಿರಾಜಪೇಟೆ

ಉತ್ತರ: ನಿಜವಲ್ಲ. ಮಕ್ಕಳನ್ನು ಹೊರದೇಶಕ್ಕೆ ಕಳುಹಿಸಿದ ಕೊಡಗಿನ ಮನೆಗಳಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಬೆನ್ನಿಗೇ ಅದೇ ತಪ್ಪು ಉತ್ತರವೂ ಬರುತ್ತದೆ. ಲಂಡನ್‌ನ ಅಕ್ಷಾಂಶದಲ್ಲಿ ನೆಲವು ಗಂಟೆಗೆ ಸುಮಾರು 1,040 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಸಾಗುತ್ತಿದ್ದು, ವಾಯುಮಂಡಲವೂ ಅದರೊಡನೆಯೇ ತಿರುಗುತ್ತಿದೆ. ವಿಮಾನದ ಕೆಳಗೆ ನೆಲ ಮಾತ್ರ ಜಾರಿಹೋಗುವುದಾಗಿದ್ದರೆ ನ್ಯೂಯಾರ್ಕ್ ತಾನಾಗಿಯೇ ಎದುರು ಬಂದು, ಪಶ್ಚಿಮದ ಪ್ರಯಾಣವೇ ಬೇಗ ಮುಗಿಯಬೇಕಿತ್ತು. ಆಗುತ್ತಿರುವುದು ಅದಕ್ಕೆ ತದ್ವಿರುದ್ಧ. ಇಷ್ಟನ್ನೂ ಯೋಚಿಸದೆ ಸಂದೇಶವನ್ನು ಮುಂದಕ್ಕೆ ಕಳುಹಿಸುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಕಾರಣ ಗಾಳಿ. ಉತ್ತರ ಅಟ್ಲಾಂಟಿಕ್‌ನ ಮೇಲೆ, ವಿಮಾನಗಳು ಹಾರುವ ಎತ್ತರದಲ್ಲಿಯೇ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ವೇಗದ ಗಾಳಿ ಹರಿಯುತ್ತದೆ. ಉತ್ತರದ ತಣ್ಣನೆಯ ಗಾಳಿಗೂ ದಕ್ಷಿಣದ ಬಿಸಿ ಗಾಳಿಗೂ ಇರುವ ಉಷ್ಣಾಂಶದ ಅಂತರ ಅದನ್ನು ಹುಟ್ಟಿಸುತ್ತದೆ, ಭೂಮಿಯ ತಿರುಗಾಟ ಅದನ್ನು ಪೂರ್ವಕ್ಕೆ ಹೊರಳಿಸುತ್ತದೆ. ಭೂಮಿಯ ಪಾತ್ರ ಇಲ್ಲಿ ಅಷ್ಟೇ. ಎರಡು ನಿಲ್ದಾಣಗಳ ನಡುವಣ ಅತಿ ಕಡಿಮೆ ದೂರ ಸುಮಾರು 5,550 ಕಿ.ಮೀ. ಗಾಳಿಯಿಲ್ಲದಾಗ ಗಂಟೆಗೆ 900 ಕಿ.ಮೀ. ಹಾರುವ ವಿಮಾನಕ್ಕೆ 100 ಕಿ.ಮೀ. ವೇಗದ ಗಾಳಿ ಹಿಂದಿನಿಂದ ಬೀಸಿದರೆ ಐದೂವರೆ ಗಂಟೆ, ಎದುರಿನಿಂದ ಬೀಸಿದರೆ ಸುಮಾರು ಏಳು ಗಂಟೆ ಬೇಕು. ರನ್‌ವೇವರೆಗಿನ ಓಡಾಟವನ್ನೂ ಇಳಿಯಲು ಸರದಿ ಕಾಯುವುದನ್ನೂ ಸೇರಿಸಿದರೆ ನಿಮ್ಮ ಮಗಳು ಹೇಳಿದ ಲೆಕ್ಕವೇ ಬರುತ್ತದೆ. 2020ರ ಫೆಬ್ರುವರಿಯಲ್ಲಿ ಬಿರುಗಾಳಿ ಬೆನ್ನಿಗಿದ್ದ ಒಂದು ವಿಮಾನ ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷಗಳಲ್ಲಿ ತಲುಪಿತು.

ಇನ್ನೊಂದು ವಿಷಯ: ಹಾರಿದ ದೂರವೂ ಒಂದೇ ಆಗಿರಬೇಕೆಂದಿಲ್ಲ. ಗಾಳಿಯ ಮುನ್ಸೂಚನೆಯನ್ನು ನೋಡಿಕೊಂಡು ಈ ಸಾಗರದ ಮೇಲಿನ ಮಾರ್ಗಗಳನ್ನು ದಿನವೂ ಹೊಸದಾಗಿ ಗೊತ್ತುಮಾಡುತ್ತಾರೆ. ಪೂರ್ವಕ್ಕೆ ಹೋಗುವವರು ಗಾಳಿಯನ್ನು ಹಿಡಿಯುತ್ತಾರೆ, ಪಶ್ಚಿಮಕ್ಕೆ ಹೋಗುವವರು ಅದನ್ನು ತಪ್ಪಿಸಲು ಬಳಸಿ ಹೋಗುತ್ತಾರೆ. ಮುಂದಿನ ಸಲ ಸೀಟಿನ ಎದುರಿನ ಪರದೆಯಲ್ಲಿ ಕಾಣುವ ವೇಗವನ್ನು ಎರಡೂ ಪ್ರಯಾಣಗಳಲ್ಲಿ ಬರೆದುಕೊಳ್ಳಲು ಮಗಳಿಗೆ ಹೇಳಿ.

ಟಿಕೆಟ್‌ನಲ್ಲಿರುವ ಎರಡು ಸಮಯಗಳನ್ನು ಕಳೆದು, ‘ಮೂರೇ ಗಂಟೆ’ ಎನ್ನುವ ಏಜೆಂಟರನ್ನು ದಯವಿಟ್ಟು ನಂಬಬೇಡಿ. ಲಂಡನ್‌ನಲ್ಲಿ 11ಕ್ಕೆ ಹೊರಟು ನ್ಯೂಯಾರ್ಕ್‌ನಲ್ಲಿ 2ಕ್ಕೆ ಇಳಿದರೆ ಕಳೆದಿರುವುದು ಎಂಟು ಗಂಟೆ, ಏಕೆಂದರೆ ಎರಡೂ ಸ್ಥಳೀಯ ಸಮಯಗಳು ಮತ್ತು ನಡುವೆ ಐದು ಗಂಟೆಗಳ ಅಂತರವಿದೆ. ಅಮೆರಿಕದವರು ಬ್ರಿಟನ್ನಿನವರಿಗಿಂತ ಮೊದಲೇ ಗಡಿಯಾರ ಬದಲಿಸುವುದರಿಂದ ಮಾರ್ಚ್‌ನ ಕೆಲವು ವಾರ ಆ ಅಂತರ ನಾಲ್ಕೇ ಗಂಟೆ.

ಗೋಡೆಯ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ದೂರ ಅಳೆಯಬಹುದೇ ಎಂದು ಸೋಮವಾರಪೇಟೆಯಿಂದ ಕೇಳಿದ್ದಾರೆ: ಬೇಡ, ಗ್ಲೋಬ್‌ನ ಮೇಲೆ ದಾರ ಹಿಡಿದು ಅಳೆಯಿರಿ. ಗೋಣಿಕೊಪ್ಪಲಿನವರು ವಿಚಾರಿಸಿರುವ ಜೆಟ್ ಲ್ಯಾಗ್ (ದೂರದ ವಿಮಾನ ಪ್ರಯಾಣದ ನಂತರ ನಿದ್ರೆ ಏರುಪೇರಾಗುವುದು) ಪುಡಿಗೆ ಹಣ ಸುರಿಯಬೇಡಿ; ಇಂಥದ್ದನ್ನು ಮಾರುವವರು ನಿಮ್ಮ ನಿದ್ರೆಯ ಹೆಸರಿನಲ್ಲಿ ಮೋಸ ಮಾಡುತ್ತಿದ್ದಾರೆ. ಬೆಂಗಳೂರಿನ ರಾತ್ರಿಯ ವಿಮಾನಕ್ಕೆ ಮಡಿಕೇರಿಯಿಂದ ಅದೇ ಮಧ್ಯಾಹ್ನ ಹೊರಟರೆ ಸಾಕೇ ಎಂದವರಿಗೆ: ಮಳೆಗಾಲದಲ್ಲಿ ಖಂಡಿತ ಸಾಲದು, ಹಿಂದಿನ ದಿನವೇ ಹೊರಡಿ.